ವೇದಿಕೆ ಹತ್ತದ ಕಿಲ್ಟ್

ಕಳೆದ ಶನಿವಾರ ಲಂಡನ್ನಿನ ಟ್ಯೂಬ್ ರೈಲಿನಲ್ಲಿ, ಮದುವೆಗೆ ಹೊರಟಂತಿದ್ದ ಯುವಕನೊಬ್ಬ ನನ್ನ ಎದುರಿನ ಸೀಟಿಗೆ ಬಂದು ಕುಳಿತ. ಮಳೆಯಲ್ಲಿ ನೆನೆದ, ಸ್ಕಾಟ್‌ಲೆಂಡಿನ ಗಂಡಸರು ಉಡುವ ನಿರಿಗೆಲಂಗದಂಥ ಅವನ ಕಿಲ್ಟ್‌ನಿಂದ ತೊಯ್ದ ಉಣ್ಣೆಯ ವಾಸನೆ ಬರುತ್ತಿತ್ತು. ಹಸಿ ಕಂಬಳಿಯದೇ ವಾಸನೆ. ಅದರ ತಳದಲ್ಲಿ ತುಸು ನುಸಿಗುಳಿಗೆಯ ಘಾಟು. ನಾನು ರೇನರ್ಸ್ ಲೇನ್ ನಿಲ್ದಾಣದಲ್ಲಿ ಇಳಿಯಬೇಕಿತ್ತು. ಬಾಗಿಲು ತೆರೆದದ್ದೂ ಕಂಡಿತು, ಮುಚ್ಚಿದ್ದೂ ಕಂಡಿತು. ಏಳಲು ಮಾತ್ರ ಆಗಲಿಲ್ಲ. ಮುಂದಿನ ನಿಲ್ದಾಣದವರೆಗೂ ಅಲ್ಲೇ ಕುಳಿತಿದ್ದೆ, ಯಾರೋ ನನ್ನ ಹೆಸರು ಹಿಡಿದು ಕರೆದು ಉತ್ತರಕ್ಕಾಗಿ ಕಾಯುತ್ತಿರುವಂತೆ…

ಪಶ್ಚಿಮ ಲಂಡನ್ನಿನ ನಮ್ಮ ಸಣ್ಣ ಕನ್ನಡ ಕೂಟದಲ್ಲಿ ಅವರನ್ನು ಎಲ್ಲರೂ ಡಾಕ್ಟರ್ ಕಾಕಾ ಎಂದೇ ಕರೆಯುತ್ತಿದ್ದರು. ಧಾರವಾಡದವರು. ಸ್ಕಾಟ್‌ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಆರಂಭಿಸಿ, ಅಲ್ಲಿಯೇ ವಾರ್ಡ್ ಸಿಸ್ಟರ್ ಆಗಿದ್ದವರನ್ನು ಮದುವೆಯಾಗಿ, ಬಹಳ ಹಿಂದೆಯೇ ಅಕ್ಸ್‌ಬ್ರಿಡ್ಜ್‌ಗೆ ಬಂದು ನೆಲೆಸಿದ್ದರು. ನಾನು ಅವರನ್ನು ಕಂಡಾಗ ಅವರಿಗೆ ಎಪ್ಪತ್ತು ದಾಟಿತ್ತು. ಕೂಟದ ಪ್ರತಿ ಹಬ್ಬಕ್ಕೂ ಅವರು ಕಿಲ್ಟ್ ಉಟ್ಟು ಬರುತ್ತಿದ್ದರು: ಕಡುಹಸಿರು ಮತ್ತು ನೀಲಿಯ ಚೌಕುಳಿ, ನಡುವೆ ಕೂದಲೆಳೆಯಷ್ಟು ತೆಳುವಾದ ಹಳದಿ ಗೆರೆ. ಸ್ಕಾಟ್‌ಲೆಂಡಿನಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಚೌಕುಳಿಯಿರುತ್ತದೆ. ಇದು ಅವರ ಹೆಂಡತಿಯ ತವರುಮನೆಯದು.

ಮೊದಲ ಸಲ ಅದನ್ನು ಉಟ್ಟ ಕಥೆಯನ್ನು ಅವರು ಯಾರು ಕೇಳಿದರೂ ಹೇಳುತ್ತಿದ್ದರು. ಆಸ್ಪತ್ರೆಯ ಔತಣಕ್ಕೆಂದು ಯಾರದೋ ಕಿಲ್ಟನ್ನು ಎರವಲು ತಂದು, ಪಂಚೆ ಉಟ್ಟು ಬೆಳೆದವರ ರೂಢಿಯಂತೆ ನಿರಿಗೆಗಳೆಲ್ಲ ಹೊಟ್ಟೆಯ ಮುಂದೆ ಬರುವಂತೆ ಕಟ್ಟಿಕೊಂಡು ಹೋಗಿದ್ದರಂತೆ. ಕಿಲ್ಟ್‌ನ ನಿರಿಗೆ ಬೆನ್ನಿಗಿರಬೇಕು, ಮುಂದೆ ಸಪಾಟಾಗಿರಬೇಕು. "ಇಡೀ ಹಾಲ್ ನಕ್ಕಿತವ್ವಾ. ಆಕಿ ಒಬ್ಬಾಕಿ ನಗಲಿಲ್ಲ. ಬಂದು ನನ್ನ ನಡಾ ಹಿಡಿದು, ಗಿರಣಿ ಕಲ್ಲು ತಿರುವಿದಂಗ ಕಿಲ್ಟ್ ತಿರುವಿ ಹೋದ್ಲು. ಆಮ್ಯಾಲೆ ಹೊರಗ ಹೋಗಿ ನಕ್ಕಳಂತ!" ಹೀಗೆ ಹೇಳುವಾಗ ಅವರ ಹೆಂಡತಿ ಪಕ್ಕದಲ್ಲೇ ಇರುತ್ತಿದ್ದರು. ಕನ್ನಡ ಬಾರದಿದ್ದರೂ ಯಾವ ಕಥೆ ನಡೆದಿದೆಯೆಂದು ಅವರಿಗೆ ತಿಳಿಯುತ್ತಿತ್ತು. ಗಂಡನ ನಡುವಿನ ಬಕಲ್ಲನ್ನು ಒಮ್ಮೆ ಮುಟ್ಟಿ ನೋಡುತ್ತಿದ್ದರು.

ನಾನು ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪ್ರತಿಪಕ್ಷಕ್ಕೆ ಒಂದು ವಿನಾಯಿತಿ ಕೊಟ್ಟೆಯೋ, ನಿನ್ನ ಇಡೀ ವಾದವನ್ನೇ ಕೊಟ್ಟಂತೆ ಎಂದು ನಮಗೆ ಕಲಿಸಿದ್ದರು. ಅದನ್ನು ನಾನು ಶ್ರದ್ಧೆಯಿಂದ ನಂಬಿದ್ದೆ. ಜಾತಿಯನ್ನು ಊರಿನಲ್ಲಿ ಬಿಟ್ಟು ಬಂದಿದ್ದೇವೆಂದು ಭಾವಿಸಿ ಈ ದೇಶಕ್ಕೆ ಬಂದ ನನಗೆ, ನಮ್ಮ ಕೂಟದಲ್ಲೇ ಹಬ್ಬದ ದಿನ ಮೊದಲ ಪಂಕ್ತಿಯನ್ನು ಕೆಲವೇ ಮನೆಯವರಿಗೆ ಮೀಸಲಿಡುವುದನ್ನು ಕಂಡಾಗ ನಿದ್ದೆ ಬರಲಿಲ್ಲ. ಅದರ ವಿರುದ್ಧ ಮಾತನಾಡಿದಾಗ ನನ್ನ ಪರವಾಗಿ ಎದ್ದು ನಿಂತವರು ಡಾಕ್ಟರ್ ಕಾಕಾ ಒಬ್ಬರೇ. ಮಾತಿಗಿಂತ ಹೆಚ್ಚಾಗಿ ಅವರು ಎದ್ದು ಸಾರಿನ ಸೌಟನ್ನೇ ಕೈಗೆತ್ತಿಕೊಂಡರು. "ಯಾರರೆ ಮೊದಲು ಉಣ್ಣೂದಿದ್ರ ಸಣ್ಣ ಹುಡುಗ್ರು ಉಣ್ಲಿ. ನಾವು ನೀವೆಲ್ಲ ಆಮ್ಯಾಲೆ" ಎಂದು ತಾವೇ ಬಡಿಸಲು ನಿಂತರು. ಆ ದಿನದಿಂದ ಪಂಕ್ತಿಭೇದ ನಿಂತುಹೋಯಿತು. ಆ ಗೆಲುವು ನನ್ನದೆಂದು ನಾನು ತಿಳಿದುಕೊಂಡೆ.

ಮುಂದಿನ ಚಳಿಗಾಲದಲ್ಲಿ ಅವರ ಹೆಂಡತಿ ತೀರಿಕೊಂಡರು. ಅವರು ಕೂಟಕ್ಕೆ ಬರುವುದನ್ನೇ ನಿಲ್ಲಿಸಿದರು. ನನ್ನ ಕಚೇರಿ ಅಕ್ಸ್‌ಬ್ರಿಡ್ಜ್‌ನಲ್ಲೇ ಇದ್ದುದರಿಂದ ಆಗಾಗ ಹೋಗಿ ನೋಡಿ ಬರುತ್ತಿದ್ದೆ. ಒಂದು ಸಂಜೆ, ರಾಜ್ಯೋತ್ಸವಕ್ಕೆ ಬಂದು ನಾಲ್ಕು ಮಾತು ಆಡಬೇಕೆಂದು ಒತ್ತಾಯಿಸಿದೆ. ಅವರು ಕಿಟಕಿಯ ಪರದೆ ಎಳೆದು ನನ್ನತ್ತ ತಿರುಗಿದರು.

"ಬರ್ತೀನಿ. ಆದ್ರ ಕಿಲ್ಟ್ ಉಟ್ಕೊಂಡು ಬರ್ತೀನಿ. ಇಷ್ಟು ವರ್ಷ ಆಕೀನ ಬಕಲ್ ಹಾಕಿ ಕೊಡ್ತಿದ್ಲು. ಈಗ ನಾನ ಹಾಕ್ಕೊಂಡು ನಾಕು ಮಂದಿ ಮುಂದ ನಿಲ್ಲಬೇಕು. ಒಮ್ಮೆ ನಿಂತೆ ಅಂದ್ರ ಮುಂದಿಂದು ನಡೀತದ."

"ಖಂಡಿತ ಕಾಕಾ, ನಾನೇ ನಿಮ್ಮನ್ನ ಸ್ಟೇಜ್ ಮೇಲೆ ಕರೀತೀನಿ" ಎಂದೆ. ಆ ಮಾತು ಕೊಟ್ಟವಳು ನಾನೇ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ…

ಅದೇ ತಿಂಗಳು ನಾನು ಇನ್ನೊಂದು ಸುಧಾರಣೆಗೆ ಕೈಹಾಕಿದ್ದೆ. ಹಿಂದಿನ ವರ್ಷದ ವೇದಿಕೆಯಲ್ಲಿ ಕೆಲವರು ತಮ್ಮ ತಮ್ಮ ಸಮುದಾಯದ ಶಾಲು, ಪೇಟಗಳನ್ನು ಹಾಕಿಕೊಂಡು, ಗೋತ್ರದ ಹೆಸರನ್ನೂ ಹೇಳಿಸಿಕೊಂಡು ಮೆರೆದದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಆದ್ದರಿಂದ ಒಂದು ನಿರ್ಣಯವನ್ನು ಬರೆದೆ: ವೇದಿಕೆಯ ಮೇಲೆ ಕುಲವನ್ನಾಗಲಿ ಮನೆತನವನ್ನಾಗಲಿ ಸಾರುವ ಉಡುಗೆ ಮತ್ತು ಚಿಹ್ನೆಗಳು ಇರಕೂಡದು. ಪ್ರತಿಯೊಂದು ಪದವನ್ನೂ ತೂಗಿ ಬರೆದಿದ್ದೆ. ಹಸಿರು ಚೌಕುಳಿಯ ನೆನಪು ಆಗ ಒಂದು ಕ್ಷಣವೂ ಬರಲಿಲ್ಲ.

ನೆನಪಿಸಿದವರು ಕೂಟದ ಪೂಜೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಹಿರಿಯರು. ಪಂಕ್ತಿಯ ವಿಷಯದಲ್ಲಿ ನನಗೆ ಸೋತವರು. ಸಭೆಯಲ್ಲಿ ನಾನು ಹತ್ತು ನಿಮಿಷ ಮಾತನಾಡಿ ಮುಗಿಸುವವರೆಗೂ ಅವರು ಕೈಕಟ್ಟಿ ಕೇಳಿದರು. ಆಮೇಲೆ ಮೆತ್ತಗೆ ಕೇಳಿದರು: "ಎಲ್ಲಾ ಸರಿ ಕಣಮ್ಮಾ. ಹಾಗಾದ್ರೆ ನಮ್ಮ ಡಾಕ್ಟರ ಲಂಗದ ಗತಿ ಏನು? ಅದೂ ಮನೆತನದ ಬಟ್ಟೇನೇ ತಾನೇ?"

ಎಲ್ಲರೂ ನಕ್ಕರು. ಡಾಕ್ಟರ್ ಕಾಕಾ ಕೂಡ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ದಿನ ನನ್ನ ಮಾತು ಕೇಳಲೆಂದೇ ಬಂದು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನಗು ನಿಂತ ಮೇಲೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ನನಗೆ ಬಲೆ ಕಂಡಿತು. ವಿನಾಯಿತಿ ಕೊಟ್ಟರೆ ಶಾಲೂ ಉಳಿಯುತ್ತದೆ, ಪೇಟವೂ ಉಳಿಯುತ್ತದೆ, ಗೋತ್ರವೂ ಉಳಿಯುತ್ತದೆ. ನನ್ನ ದನಿ ಸ್ಪರ್ಧೆಯ ಕೊನೆಯ ನಿಮಿಷದಲ್ಲಿ ಬರುವಂತೆ ಸ್ಪಷ್ಟವಾಗಿಯೇ ಬಂದಿತು: "ನಿಯಮ ಅಂದ್ರೆ ಎಲ್ಲರಿಗೂ ಒಂದೇ. ಕಿಲ್ಟ್‌ಗೂ ಅನ್ವಯಿಸುತ್ತೆ."

ಮತಕ್ಕೆ ಹಾಕಿದರು. ನಿರ್ಣಯದ ಪರವಾಗಿ ಎದ್ದ ಕೈಗಳಲ್ಲಿ ಅವರ ಕೈಯೂ ಇತ್ತು.

ಹುಟ್ಟಿನೊಂದಿಗೆ ಬಂದ ಗುರುತು ಬೇರೆ, ಒಬ್ಬ ಮನುಷ್ಯ ಇನ್ನೊಬ್ಬರ ಮೇಲಿನ ಪ್ರೀತಿಯಿಂದ ತಾನಾಗಿ ಉಟ್ಟುಕೊಂಡದ್ದು ಬೇರೆ ಎಂಬ ಉತ್ತರ ನನಗೆ ಹೊಳೆದದ್ದು ಮನೆಗೆ ಮರಳುವ ರೈಲಿನಲ್ಲಿ. ಕೇವಲ ಒಂದು ವಾಕ್ಯ. ಅದನ್ನು ಹೇಳಿದ್ದರೆ ನಿರ್ಣಯವೂ ಉಳಿಯುತ್ತಿತ್ತು, ಕೊಟ್ಟ ಮಾತೂ ಉಳಿಯುತ್ತಿತ್ತು.

ರಾಜ್ಯೋತ್ಸವಕ್ಕೆ ಇನ್ನೂ ಮೂರು ವಾರಗಳಿದ್ದವು. ಆ ಮೂರು ವಾರ ನಾನು ಹೇಗೆ ಕಳೆದೆನೋ ಈಗ ಸರಿಯಾಗಿ ನೆನಪಿಲ್ಲ… ಫೋನಿನಲ್ಲಿ ಸಂದೇಶ ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಊಟದ ವಿರಾಮದಲ್ಲಿ ಅವರ ಬೀದಿಯ ತಿರುವಿನವರೆಗೆ ನಡೆದು ಹಿಂದಿರುಗುತ್ತಿದ್ದೆ. ಕಿಲ್ಟ್ ಉಟ್ಟು ಬಂದರೆ ಬಾಗಿಲಲ್ಲಿ ಅವರನ್ನು ತಡೆಯಬೇಕಾದವಳು ನಾನು. ಪ್ಯಾಂಟ್ ಹಾಕಿಕೊಂಡು ಬಂದರೆ ಅವರ ಮುಖ ನೋಡಬೇಕಾದವಳೂ ನಾನು. ಬಾರದಿದ್ದರೆ ಒಳ್ಳೆಯದೆಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಅವರು ಬಂದರು, ಕಿಲ್ಟ್ ಉಟ್ಟೇ ಬಂದರು. ಬಕಲ್ಲಿನ ಪಟ್ಟಿಯೊಂದು ಸರಿಯಾಗಿ ಕೂಡದೆ ತುಸು ಓರೆಯಾಗಿತ್ತು. ಬಾಗಿಲ ಬಳಿ ನಿಂತಿದ್ದ ನನ್ನನ್ನು ಕಂಡು, ರೋಗಿಯ ಭಯವನ್ನು ದೂರದಿಂದಲೇ ಓದುವ ವೈದ್ಯರ ಹಾಗೆ, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಚಿಂತಿ ಮಾಡಬ್ಯಾಡ ತಂಗಿ. ಸ್ಟೇಜ್ ಮ್ಯಾಲೆ ಬರೂದಿಲ್ಲ. ನಿನ್ನ ನಿಯಮ ನಾ ಮುರಿಯೂದಿಲ್ಲ." ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು.

ಆ ದಿನದ ನಿರೂಪಣೆ ನನ್ನದು. ಅವರ ಸರದಿ ಬಂದಾಗ ಹೆಸರು ಕರೆದೆ. ಅವರು ಕುಳಿತಲ್ಲೇ ಎದ್ದು, ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಮಾತನಾಡತೊಡಗಿದರು. ನನ್ನ ಕೈಯಲ್ಲಿ ವೈರ್ ಇಲ್ಲದ ಮೈಕ್ ಇತ್ತು. ವೇದಿಕೆಗೆ ನಾಲ್ಕು ಮೆಟ್ಟಿಲು. ಇಳಿದು ಹೋಗಿ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಮೊದಲ ಸಾಲಿನಲ್ಲಿ ಪೂಜೆಯ ಹಿರಿಯರು ನನ್ನ ಕಾಲುಗಳನ್ನೇ ನೋಡುತ್ತಿದ್ದರು. ಮೈಕ್ ಹೋದಲ್ಲಿಗೆ ವೇದಿಕೆಯೂ ಹೋದಂತೆ ಎಂದು ಅವರು ವಾದಿಸಬಹುದು, ಮಾಡಿದ ನಿಯಮವನ್ನು ನಾನೇ ಮುರಿದೆನೆಂದು ಹೇಳಬಹುದು ಎಂದು ಲೆಕ್ಕ ಹಾಕುತ್ತ ನಿಂತೆ. ಲೆಕ್ಕ ಮುಗಿಯಲಿಲ್ಲ. ಅವರ ಮಾತು ಮುಗಿಯಿತು.

ಒಂದು ಪದವೂ ನನಗೆ ಕೇಳಿಸಲಿಲ್ಲ. ನಡುವೆ ಮಕ್ಕಳ ಗದ್ದಲ, ಅಡುಗೆಕೋಣೆಯಲ್ಲಿ ಸ್ಟೀಲ್ ತಟ್ಟೆಗಳ ಸದ್ದು. ಅವರ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ಹಿಂದಿನ ಸಾಲಿನವರು ಒಮ್ಮೆ ನಕ್ಕರು. ಆಮೇಲೆ ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ಹಿಂದಿನವರು ತಟ್ಟಿದರೆಂದು ಮುಂದಿನವರೂ ತಟ್ಟಿದರು. ನಾನು ಮೈಕನ್ನು ಬಾಯಿಯ ಬಳಿ ತಂದು, "ಇಂಥ ಅರ್ಥಪೂರ್ಣ ಮಾತುಗಳಿಗಾಗಿ ಅವರಿಗೆ ನಮ್ಮ ಧನ್ಯವಾದಗಳು" ಎಂದೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆಗೇಡಿನ ವಾಕ್ಯವನ್ನು ನಾನು ಬೇರೆಂದೂ ಆಡಿಲ್ಲ.

ಊಟದ ಹೊತ್ತಿಗೆ ಹುಡುಕಿದೆ. ಹೊರಟುಹೋಗಿದ್ದರು. ಹಿಂದಿನ ಸಾಲಿನಲ್ಲಿದ್ದ ಕೆಲವರನ್ನು, ಸುಮ್ಮನೆ ವಿಚಾರಿಸುವವಳಂತೆ, ಏನು ಹೇಳಿದರೆಂದು ಕೇಳಿದೆ. ಒಬ್ಬರು, "ವೈಫ್ ಬಗ್ಗೆ. ತುಂಬಾ ಟಚಿಂಗ್ ಆಗಿತ್ತು" ಎಂದರು. ಇನ್ನೊಬ್ಬರು, "ಧಾರವಾಡದ ಯಾವುದೋ ತಮಾಷೆ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡ ಹೆಂಗಸು ಯಾರ ಮನೆಗೋ ಬಂದಿದ್ದ ಅತಿಥಿ. ಮರುವಾರವೇ ಊರಿಗೆ ಮರಳಿದರಂತೆ.

ಕ್ಷಮೆ ಕೇಳಲು ಒಂದೇ ಒಂದು ಸಲ ಅವರ ಮನೆಯ ಗಂಟೆ ಒತ್ತಿದೆ. ಚಹಾ ಮಾಡಿಕೊಟ್ಟರು. ಸೌತ್‌ಹಾಲ್‌ನ ಭಾರತೀಯ ಅಂಗಡಿಗಳಲ್ಲಿ ಈಗ ಒಳ್ಳೆಯ ಜೋಳದ ಹಿಟ್ಟು ಸಿಗುವುದಿಲ್ಲವೆಂದರು, ಕೌನ್ಸಿಲ್‌ನವರು ಬೀದಿಯ ಮರ ಕಡಿಯಲಿದ್ದಾರೆಂದು ಬೇಸರಪಟ್ಟುಕೊಂಡರು. ಕೊನೆಗೆ ಧೈರ್ಯ ಮಾಡಿ, "ಕಾಕಾ, ಅವತ್ತು ಮೀಟಿಂಗ್‌ನಲ್ಲಿ…" ಎಂದು ಆರಂಭಿಸಿದೆ.

"ನಿನ್ನ ವಾದ ಬರೋಬ್ಬರಿ ಇತ್ತವ್ವಾ" ಎಂದರು ಅವರು, ಕಪ್ಪನ್ನು ಕೆಳಗಿಡುತ್ತ. ವ್ಯಂಗ್ಯವಿರಲಿಲ್ಲ. ವ್ಯಂಗ್ಯವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಆ ದಿನ ನೀವು ಏನು ಹೇಳಿದಿರಿ ಎಂದು ಕೇಳಲೂ ಆಗಲಿಲ್ಲ. ಕೇಳಿದರೆ ನನಗೆ ಕೇಳಿಸಿರಲಿಲ್ಲವೆಂದು ಒಪ್ಪಿಕೊಳ್ಳಬೇಕಾಗಿತ್ತು. ಮುಂದಿನ ಸಲ ಕೇಳಿದರಾಯಿತು ಎಂದುಕೊಂಡು ಎದ್ದೆ. ಮುಂದಿನ ಸಲ ಬರುವ ಮೊದಲೇ ಅವರು ಆಸ್ಪತ್ರೆ ಸೇರಿದರು. ಅಕ್ಸ್‌ಬ್ರಿಡ್ಜ್‌ಗೆ ಬಂದ ಮೇಲೆ ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲೇ, ಹತ್ತು ದಿನ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ, ಸಾಲುಸಾಲು ಕೈಮುಗಿದ ಚಿತ್ರಗಳ ನಡುವೆ.

ಇದೆಲ್ಲ ಆಗಿ ಕೆಲವು ವರ್ಷಗಳೇ ಕಳೆದವು. ಆ ನಿಯಮವನ್ನು ತಿದ್ದಬೇಕೆಂದು ಪ್ರತಿ ವರ್ಷವೂ ಅಂದುಕೊಂಡೆ. ತಿದ್ದಿದರೆ ಅಂದು ತಪ್ಪಿದೆನೆಂದು ಒಪ್ಪಬೇಕು. ಒಪ್ಪಿದರೆ ಪಂಕ್ತಿಯ ಗೆಲುವನ್ನೂ ಯಾರಾದರೂ ಕೆದಕಿಯಾರು ಎಂಬ ಅಳುಕು ನನ್ನನ್ನು ತಡೆಯುತ್ತಿತ್ತು. ಕಳೆದ ಶನಿವಾರ ನಿಲ್ದಾಣ ತಪ್ಪಿ ಮನೆಗೆ ಬಂದವಳು ಕುಳಿತು ನಾಲ್ಕು ಪುಟ ಬರೆದೆ. ಕುಲವನ್ನು ಮೆರೆಸುವುದಕ್ಕೂ ಒಲವನ್ನು ಉಡುವುದಕ್ಕೂ ಇರುವ ಅಂತರವನ್ನು ಪೂರ್ವಪಕ್ಷ, ಉತ್ತರಪಕ್ಷಗಳ ಸಮೇತ ಕಟ್ಟಿದೆ. ಬರಬಹುದಾದ ಪ್ರತಿ ಆಕ್ಷೇಪಕ್ಕೂ ಉತ್ತರ ಸಿದ್ಧಪಡಿಸಿದೆ. ನನ್ನ ತಪ್ಪನ್ನು ಎರಡನೆಯ ಪುಟದ ಮೊದಲ ವಾಕ್ಯದಲ್ಲಿ, ನೇರವಾಗಿ ಬರೆದೆ.

ಮರುದಿನ ವಾರ್ಷಿಕ ಸಭೆ. ಪೂಜೆಯ ಹಿರಿಯರು ಮಗನ ಮನೆಗೆಂದು ಬೇರೆ ಊರಿಗೆ ಹೋಗಿ ಬಹಳ ದಿನಗಳಾಗಿದ್ದವು. ಅಂದಿನ ಸಭೆಯಲ್ಲಿದ್ದವರು ಈಗ ಮೂವರೋ ನಾಲ್ವರೋ, ಉಳಿದವರೆಲ್ಲ ಹೊಸಬರು. ಉಡುಗೆಯ ನಿಯಮವನ್ನು ತಿದ್ದಬೇಕೆಂದು ಸೂಚಿಸಿ, ಪುಟಗಳನ್ನು ಬಿಡಿಸಿಕೊಂಡು ಎದ್ದು ನಿಂತೆ.

ಅಧ್ಯಕ್ಷರು ತಲೆಯೆತ್ತಿ ಸುತ್ತ ನೋಡಿದರು. "ಅಂಥದ್ದೊಂದು ರೂಲ್ ಬೇರೆ ಇತ್ತಾ ನಮ್ಮಲ್ಲಿ? ಯಾರಿಗಾದ್ರೂ ಅಬ್ಜೆಕ್ಷನ್ ಇದ್ಯಾ? ಇಲ್ವಲ್ಲ? ಸರಿ ಮೇಡಂ, ತಿದ್ದಿಬಿಡೋಣ. ಮುಂದಿಂದು, ಹಾಲ್ ಪಾರ್ಕಿಂಗ್ ವಿಷಯ…"

ಏಕೆ ಎಂದು ಒಬ್ಬರಾದರೂ ಕೇಳಬಹುದೆಂದು ಸ್ವಲ್ಪ ಹೊತ್ತು ನಿಂತೇ ಇದ್ದೆ. ಯಾರೂ ಕೇಳಲಿಲ್ಲ. ನಾಲ್ಕು ಪುಟಗಳ ಉತ್ತರ ನನ್ನ ಕೈಯಲ್ಲಿತ್ತು. ಅದನ್ನು ಕೇಳಬೇಕಾಗಿದ್ದ ಒಬ್ಬರು ಇರಲಿಲ್ಲ. ನಾನು ಕುಳಿತುಕೊಂಡೆ.