ನಡುಮನೆಗೆ ಒಪ್ಪುವ ಒಲೆ

ಚಿಕ್ಕಮ್ಮ ಹಿಂದಿನ ಕೋಣೆಯಲ್ಲಿ ಕೂತು ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುತ್ತಾಳೆ. ಚಳಿಗಾಲದಲ್ಲಿ ಅಲ್ಲಿ ಸೂಜಿ ಹಿಡಿದ ಬೆರಳು ಮರಗಟ್ಟಿಹೋಗುತ್ತದೆ. ಅವಳು ವರ್ಷಗಟ್ಟಲೆ ಬಾಯಿ ಬಡಿದುಕೊಂಡ ಮೇಲೆ ಚಿಕ್ಕಪ್ಪ ಕೋಣೆ ಬೆಚ್ಚಗಿಡುವ ಸೌದೆ ಒಲೆ ಕೊಡಿಸಲು ಹೊರಟರು. ಅಲ್ಲಿ ನಡೆದದ್ದು ನೋಡಿ, ಜೊತೆಗೆ ಹೋದ ನನಗೆ ಮೈಯೆಲ್ಲ ಉರಿದುಹೋಯಿತು.

ಅಂಗಡಿಯಲ್ಲಿ ಅವಳು ತೋರಿಸಿದ್ದು ಚಿಕ್ಕ ಕಪ್ಪು ಒಲೆ. ಅದರ ಚಪ್ಪಟೆ ನೆತ್ತಿಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನೂ ಕಾಯಿಸಬಹುದಿತ್ತು. ಚಿಕ್ಕಪ್ಪ ಮೂಗು ಮುರಿದರು. "ಇದು ನಡುಮನೆಗೆ ಒಪ್ಪಲ್ಲ ಕಣೇ. ಬಂದವರು ಏನಂದ್ಕೊಳ್ತಾರೆ?"

ನಡುಮನೆಗೆ ಬೇಕು ಅಂದವರು ಯಾರು? ಸೂಜಿ ಹಿಡಿಯೋರು ಯಾರು, ಶೋಕಿ ಯಾರದ್ದು? ಕೊನೆಗೆ ಅವರು ಮೆಚ್ಚಿದ ಗಾಜಿನ ಬಾಗಿಲಿನ ದೊಡ್ಡ ಒಲೆಯೇ ಬಂದು ನಡುಮನೆಯಲ್ಲಿ ಕೂತಿತು. ಅದರ ಮುಂದೆ ಚಿಕ್ಕಪ್ಪ ಗೆಳೆಯರೊಂದಿಗೆ ಕಾಲು ಚಾಚಿ ಹರಟತೊಡಗಿದರು. ಚಿಕ್ಕಮ್ಮ ಹಿಂದಿನ ಕೋಣೆಯಲ್ಲಿ ಶಾಲು ಹೊದ್ದು ಗುಂಡಿ ಹೊಲಿಯುತ್ತಿದ್ದಳು.

ಮೊನ್ನೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಗೆಳೆಯರ ಎದುರಿಗೇ ಹೊಲಿಗೆ ಯಂತ್ರವನ್ನು ದರದರ ಎಳೆದು ತಂದು ಒಲೆಯ ಮುಂದೆ ಇಟ್ಟಳು.

"ಅಳತೆ ಕೊಡೋಕೆ ಹೆಂಗಸರು ಬರ್ತಾರೆ. ನಿಮ್ಮ ದರ್ಬಾರು ಇನ್ನು ಹಿಂದಿನ ಕೋಣೆಯಲ್ಲಿ ನಡೀಲಿ," ಅಂದಳು.

ಚಿಕ್ಕಪ್ಪ ಹೌಹಾರಿದರು. "ಅಲ್ಲಿ ಹೇಗೆ ಕೂರೋದೇ? ಚಳಿಗೆ ಪ್ರಾಣ ಹೋಗುತ್ತೆ!"