ಇಂಗ್ಲಿಷ್ ಟೀಚರ್ ತೂಗಿದ ಪದಗಳು

ಮಧ್ಯಾಹ್ನದ ಹೊತ್ತಿಗೆ ಅವರ ಕಪ್ಪು ಬುರ್ಖಾದ ಬಲತೋಳು ಚಾಕ್‌ಪೀಸಿನ ಪುಡಿಯಿಂದ ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು. ಕಲಬುರಗಿಯ ದರ್ಗಾ ಪಕ್ಕದ ರೋಜಾ ಬಡಾವಣೆಯಿಂದ ದಿನಾ ಬಸ್ಸಿನಲ್ಲಿ ಕಮಲಾಪುರದ ನಮ್ಮ ಹೈಸ್ಕೂಲಿಗೆ ಬರುತ್ತಿದ್ದ ಇಂಗ್ಲಿಷ್ ಟೀಚರ್ ಅವರು. ಒಂದೇ ಅರ್ಥದಂತೆ ಕಾಣುವ ಎರಡು ಪದ ಸಿಕ್ಕರೆ ಸಾಕು, ಒಂದೊಂದನ್ನು ಒಂದೊಂದು ಅಂಗೈ ಮೇಲೆ ಇಟ್ಟುಕೊಂಡವರಂತೆ ಕೈ ಚಾಚಿ, ಕಣ್ಣು ಮುಚ್ಚಿ ತೂಗುತ್ತಿದ್ದರು. ಕಿಟಕಿಯಾಚೆಯ ಬಾಳೆತೋಟದ ಹಸಿರು ಬೆಳಕು ಅವರ ಮುಖದ ಮೇಲೆ ಅಲುಗುತ್ತಿತ್ತು. ನಾವು ಉಸಿರು ಹಿಡಿದು ಕಾಯುತ್ತಿದ್ದೆವು.

“ಫ್ಲ್ಯಾಟರಿ ಅಂದ್ರ ಮಸ್ಕಾ ಹಚ್ಚೋದು. ಪ್ರೇಸ್ ಅಂದ್ರ ಖರೇನ ಹೊಗಳೋದು. ಅಡ್ಮೈರ್ ಮಾಡೋರು ಬಾಯಿ ಬಿಡಬೇಕಂತಿಲ್ಲ, ದೂರ ನಿಂತು ನೋಡಿದ್ರೂ ನಡೀತದ,” ಎಂದರು ಒಂದು ದಿನ. ಹಾನರ್ ಎಂಬ ಪದ ಬಂದಾಗ ಮಾತ್ರ ಎರಡೂ ಕೈ ಇಳಿಸಿ, “ಇದನ್ನ ನಾಳಿ ನೋಡೋಣು ಬೇಟಾ,” ಎಂದು ಪುಸ್ತಕ ಮುಚ್ಚಿದರು.

ಅವತ್ತು ಸಂಜೆಯೇ ಅವ್ವ ನನ್ನನ್ನು ಶಾಲೆ ಬಿಡಿಸಲು ಬಂದಳು. ನಾನಿನ್ನೂ ಒಂಬತ್ತನೇ ತರಗತಿ, ಆಗಲೇ ಗಂಡು ಗೊತ್ತಾಗಿತ್ತು. ಹೊಲದಿಂದ ನೇರ ಬಂದವಳು ತನ್ನ ಮಣ್ಣಿನ ಕಾಲು ನೋಡಿಕೊಂಡು ಸ್ಟಾಫ್ ರೂಮಿನ ಹೊಸ್ತಿಲಾಚೆಯೇ ನಿಂತಳು. ಟೀಚರ್ ಎದ್ದು ಹೋಗಿ, ಕೈಹಿಡಿದು ಕರೆತಂದು, ತಮ್ಮ ಕುರ್ಚಿಯಲ್ಲಿ ಕೂಡಿಸಿ, ತಾವು ನಿಂತರು.

“ನಿಮ್ಮ ಮಗಳು ಭಾಳ ಶಾಣ್ಯಾ ಅದಾಳ್ರಿ.”

“ಹೊಗಳಿದ್ರ ಏನ್ ಬಂತ್ರೀ ಟೀಚರ್? ಗಂಡಿನ ಮನಿಯವ್ರು ಕಾಯಾಕತ್ತಾರ,” ಎಂದಳು ಅವ್ವ.

“ಹೊಗಳಾಕತ್ತಿಲ್ರೀ ಅಕ್ಕಾ, ಬೇಡಾಕತ್ತೀನಿ. ಓದು ಮುಗಿಸಾಕ ಬಿಡ್ರಿ ಅಕೀನ.”

ಅವ್ವ ಎದ್ದು ನನ್ನನ್ನು ಕರೆದುಕೊಂಡು ಹೊರಟಳು. ಮನೆಯ ದಾರಿಯುದ್ದಕ್ಕೂ ಮದುವೆಯ ಮಾತನ್ನೇ ಎತ್ತಲಿಲ್ಲ. “ನನ್ನ ಕೂಡಿಸಿ ತಾವು ನಿಂತ್ರು ನೋಡು,” ಎಂದು ನಿದ್ದೆಗಣ್ಣಿನಲ್ಲಿ ನಡೆಯುವವಳಂತೆ ಮತ್ತೆ ಮತ್ತೆ ಅದನ್ನೇ ಹೇಳಿದಳು. ಈಗಲೇ ಆಗುವುದಿಲ್ಲ ಎಂದು ಗಂಡಿನ ಕಡೆಯವರಿಗೆ ಅವಳೇ ಹೇಳಿಕಳಿಸಿದಳು. ಅಪ್ಪ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟ.

ಅವ್ವ ಬಂದುಹೋದ ಮರುದಿನ ತರಗತಿಯಲ್ಲಿ ಟೀಚರ್ ನನ್ನ ಕಡೆ ನೋಡಲೇ ಇಲ್ಲ. “ಹಾನರ್ ಬರೀ ಬಾಯಿಲೆ ಆಗಂಗಿಲ್ಲ. ಅದಕ್ಕ ನಾವು ನಮ್ಮ ಜಾಗಾ ಬಿಡಬೇಕಾಗ್ತದ,” ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋದರು.

ಈಗ ನಾನು ಕಲಬುರಗಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೋದ ಚಳಿಗಾಲದಲ್ಲಿ ಟೀಚರ್ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮೊದಲು ಅವರನ್ನು ನೋಡಲು ಮನೆಗೆ ಹೋಗಿದ್ದೆ. ದರ್ಗಾದ ಕಡೆಯಿಂದ ಲೋಬಾನದ ಧೂಪದ ವಾಸನೆ ತೇಲಿ ಬರುತ್ತಿತ್ತು. ಹಾಸಿಗೆಯ ಮೇಲೆ ಇಳಿಬಿಸಿಲು. “ನೀವು ಇರದಿದ್ರ ನಾ ಎಲ್ಲಿರ್ತಿದ್ದೆ...” ಎಂದು ಶುರುಮಾಡಿದೆ.

“ಇದು ಪ್ರೇಸ್,” ಎಂದು ಕಣ್ಣು ಮುಚ್ಚಿಕೊಂಡೇ ನಕ್ಕರು. “ಛಲೋ ಅನಸ್ತದ. ಇನ್ನೊಂದಿಷ್ಟು ಹೇಳು.”

ಹೇಳುತ್ತ ಹೋದೆ. ಅವರಿಗೆ ನಿದ್ದೆ ಹತ್ತಿತು. ನಾನು ನಿಲ್ಲಿಸಲಿಲ್ಲ.