ಏಟು ಬೀಳದ ಗಂಟಲು

ಕೂಡ್ಲಿಗಿಯ ಪಶು ಆಸ್ಪತ್ರೆಯಲ್ಲಿ ಗುಮಾಸ್ತೆಯಾಗಿದ್ದ ರೇಣುಕಾಳನ್ನು ಊರಿನವರು ಬಲ್ಲದ್ದು ದನಕರುಗಳ ಲಸಿಕೆಗೆ ಚೀಟಿ ಬರೆದುಕೊಡುವ ಹೆಣ್ಣುಮಗಳಾಗಿ. ಗಿಟಾರು ಹಿಡಿದ ಹುಡುಗರು ಮಾತ್ರ ಅವಳ ಹೆಸರು ಕೇಳಿದರೆ ಬೆವರುತ್ತಿದ್ದರು. ಬೆಂಗಳೂರಿನ ಒಂದು ಜಾಲಪತ್ರಿಕೆಗೆ ಅವಳು ಪ್ರತಿ ಶುಕ್ರವಾರ ಹೊಸ ಆಲ್ಬಮ್‌ಗಳ ವಿಮರ್ಶೆ ಬರೆಯುತ್ತಿದ್ದಳು. ರಾಕ್ ಇರಲಿ, ಮೆಟಲ್ ಇರಲಿ, ಜಾನಪದಕ್ಕೆ ಡ್ರಮ್ಸ್ ಸೇರಿಸಿ ಬಡಿಯುವ ಹೊಸ ಬಗೆಯ ಹಾಡಿರಲಿ, ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಬೀಳುತ್ತಿತ್ತು.

ತೀರಿಹೋದ ಅಪ್ಪ ಬೊಮ್ಮಪ್ಪ ಮದುವೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ರೇಣುಕಾಗೆ ಕಿವಿ ಅಪ್ಪನದು, ನಾಲಿಗೆ ಅವ್ವ ಗಾಳೆಮ್ಮನದು ಎಂದು ಬಂಧುಗಳು ನಗುತ್ತಿದ್ದರು. ಆ ನಾಲಿಗೆಯೇ ಅವಳಿಗೆ ಓದುಗರನ್ನು ತಂದುಕೊಟ್ಟಿತು. ಹೊಗಳಿದ ಬರಹವನ್ನು ಜನ ಓದಿ ಮರೆಯುತ್ತಿದ್ದರು; ಕುಟುಕಿದ್ದನ್ನು ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ಹಾಗೆ ಕಳಿಸಿದ್ದು ಸುತ್ತಿ ಬಂದು ತನ್ನದೇ ಮೊಬೈಲಿಗೆ ಬಿದ್ದಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಹಡಗಲಿ ಕಡೆಯ ‘ಕಪ್ಪು ಎರೆ’ ಎಂಬ ತಂಡದ ಮೊದಲ ಆಲ್ಬಮ್ ‘ಗಾಳಿಕಂಬ’ ಬಂದಾಗ ಅವಳು ಕೊಟ್ಟದ್ದು ಮೂರು ಅಂಕ. ಬೇರೆ ವಿಮರ್ಶಕರು ‘ಭರವಸೆಯ ಹುಡುಗರು’ ಎಂದು ಬೆನ್ನು ತಟ್ಟಿ ಮುಗಿಸಿದ್ದರು. ರೇಣುಕಾ ಹಾಡುಗಾರ ಹುಲುಗೇಶನ ಬಗ್ಗೆ ಒಂದು ಸಾಲು ಬರೆದಳು: ‘ನೋವು ನೋವು ಎಂದು ಕೂಗುವ ಈ ಗಂಟಲಿಗೆ ಇನ್ನೂ ಒಂದು ಏಟೂ ಬಿದ್ದಿಲ್ಲ.’ ಆ ಸಾಲು ಊರೂರು ತಿರುಗಿತು. ಬರೆದವಳು ಮುಂದಿನ ಶುಕ್ರವಾರಕ್ಕೆ ಹೊರಳಿಕೊಂಡಳು.

ಎರಡು ವರ್ಷದ ಮೇಲೆ, ಬೇಸಿಗೆಯ ಒಂದು ಮಧ್ಯಾಹ್ನ, ಅದೇ ತಂಡದ ಎರಡನೆಯ ಆಲ್ಬಮ್ ಬಿಡುಗಡೆಗೆ ಮುಂಚೆಯೇ ಅವಳಿಗೆ ಬಂತು. ಹೆಸರು ‘ಜಲ್ಲಿ’. ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಮೊದಲ ಹಾಡು ಕೇಳುತ್ತಲೇ ಅವಳ ಕೈ ಮೇಜಿನ ಮೇಲೆ ನಿಂತುಬಿಟ್ಟಿತು. ಹಾಡುತ್ತಿದ್ದವನು ಹುಲುಗೇಶನೇ, ಆದರೆ ದನಿ ಅವನದಲ್ಲ. ಹರಿದ ತಗಡಿನಂತೆ, ಒಂದೊಂದು ಮಾತೂ ಎಲ್ಲೋ ತಗುಲಿ, ಚರ್ಮ ಸುಲಿದುಕೊಂಡು ಹೊರಗೆ ಬರುತ್ತಿತ್ತು. ಅಷ್ಟು ಒಳ್ಳೆಯ ಹಾಡನ್ನು ಅವಳು ಆ ವರ್ಷ ಕೇಳಿರಲಿಲ್ಲ. ನಾಲ್ಕನೆಯ ಹಾಡಿನಲ್ಲಿ ಎರಡು ಸಾಲುಗಳ ನಡುವೆ ಅವನು ಉಸಿರೆಳೆದುಕೊಂಡ ಸದ್ದು ಕೇಳಿತು. ಹಾಡಿನ ಉಸಿರಲ್ಲ ಅದು. ಗೂರಲು ಹತ್ತಿ ಏದುವ ಎತ್ತು ಆಸ್ಪತ್ರೆಯ ಅಂಗಳದಲ್ಲಿ ನಿಂತು ಎಳೆಯುವ ಉಸಿರನ್ನು ಅವಳು ದಿನವೂ ಕೇಳುವವಳು. ಅವಳು ಇಯರ್‌ಫೋನ್ ತೆಗೆದಿಟ್ಟಳು.

ಮಾರನೆಯ ದಿನ ಫೋನು ಬಂತು.

“ರೇಣುಕಾ ಮೇಡಂ ಏನ್ರಿ? ನಾನು ಶೃತಿ ಅಂತ್ರಿ, ಹುಲುಗೇಶನ ಹೆಂಡ್ತಿ. ಹೊಳಲಿನಿಂದ ಮಾತಾಡಾಕತ್ತೀನಿ. ನೀವು ಆ ಹೊಸ ಆಲ್ಬಮ್ ಛಲೋ ಐತಿ ಅಂತ ಬರೀಬ್ಯಾಡ್ರಿ.”

“ಯಾಕಮ್ಮ?”

“ನೀವು ಬರ್ದಿದ್ದು ಆ ಏಟಿನ ಮಾತು, ಅದನ್ನ ಗ್ವಾಡಿ ಮ್ಯಾಲೆ ಬರ್ಕೊಂಡಾನ್ರಿ. ಮೊಬೈಲ್ ಅಂಗಡ್ಯಾಗ ಕೆಲ್ಸ ಇತ್ತು, ಬಿಟ್ಟ. ಕಲ್ಲು ಒಡದು ಜಲ್ಲಿ ಮಾಡೋ ಕ್ರಷರಿಗೆ ಸೇರ್ಕೊಂಡಾನ. ಎಲ್ಲಾರೂ ಮೂಗಿಗೆ ಬಟ್ಟಿ ಕಟ್ಕೊಂಡು ನಿಲ್ತಾರ್ರಿ, ಇವ ಬಟ್ಟಿ ಬಿಚ್ಚಿ ಆ ಧೂಳಿನಾಗ ನಿಂತು ಒದರ್ತಾನ. ಗಂಟಲು ಹದಾ ಆಗಬೇಕಂತ.”

“ಹಂಗಾದ್ರ ಕೆಟ್ಟದಾಗೈತಿ ಅಂತ ಬರೀಲೇನು?”

ಕೇಳಿದ ಮೇಲೆ ರೇಣುಕಾಗೇ ಹೊಳೆಯಿತು. ಹೊಗಳಿದರೆ ಹುಲುಗೇಶ ದಾರಿ ಸರಿಯಾಯಿತು ಎಂದು ಮುಂದೆ ಹೋಗುತ್ತಾನೆ. ತೆಗಳಿದರೆ ಇನ್ನೂ ಸಾಲದು ಎಂದು ಮುಂದೆ ಹೋಗುತ್ತಾನೆ.

ಭಾನುವಾರ ಅವಳು ಹಗರಿಬೊಮ್ಮನಹಳ್ಳಿ ಬಸ್ ಹಿಡಿದು, ಅಲ್ಲಿಂದ ಹಡಗಲಿ, ಅಲ್ಲಿಂದ ಹೊಳಲು ಸೇರಿದಳು. ಅನಂತಶಯನ ಗುಡಿಯ ಹಿಂದಿನ ಓಣಿಯಲ್ಲಿ ಶೃತಿ ಬಾಗಿಲಿಗೇ ನಿಂತಿದ್ದಳು. ಒಳಗೆ ಚಾಪೆಯ ಮೇಲೆ ಕೂತಿದ್ದ ಹುಲುಗೇಶ ಎದ್ದು ಕೈಮುಗಿದ. ರೆಪ್ಪೆಯ ಕೂದಲಿಗೆ ಬಿಳಿ ಹುಡಿ ಮೆತ್ತಿತ್ತು. ಪಕ್ಕದಲ್ಲಿದ್ದ ಡ್ರಮ್ಮರ್ ಮೈಲಾರೇಶ್ ತಲೆ ತಗ್ಗಿಸಿಕೊಂಡ.

“ಎಷ್ಟ್ ಕೊಟ್ರಿ ಮೇಡಂ?” ಎಂದ ಹುಲುಗೇಶ. ದನಿ ಪಿಸುಮಾತಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

“ಅಂಕದ ಮಾತು ಬಿಡು. ದಾವಣಗೆರಿಗೆ ಹೋಗಿ ಗಂಟಲು ತೋರ್ಸು. ಆ ಸಾಲು ನಾನು ಜನ ನಗ್ಲಿ ಅಂತ ಬರ್ದದ್ದು. ಅದರಾಗ ಏನೂ ಹುರುಳಿಲ್ಲ.”

ಅವನು ತಲೆಯಾಡಿಸಿದ. “ಹುರುಳೈತ್ರಿ. ಹಳೇ ಹಾಡು ಈಗ ಕೇಳಿದ್ರ ನನಗೇ ನಾಚ್ಕಿ ಬರ್ತೈತಿ. ಇದು ಛಲೋ ಆಗೈತಿಲ್ಲ? ಖರೇ ಹೇಳ್ರಿ.”

ರೇಣುಕಾಗೆ ಸುಳ್ಳು ಹೇಳಬೇಕೆನಿಸಿತು. ಹೇಳಲಾಗದೆ ಗೋಡೆಯ ಮೇಲಿದ್ದ ತನ್ನದೇ ಸಾಲಿನ ಕಡೆ ನೋಡಿದಳು. ಉತ್ತರವನ್ನು ಅವನು ಅವಳ ಮುಖದಲ್ಲೇ ಓದಿಕೊಂಡ. ಮುಖ ಅರಳಿತು. ಶೃತಿ ತಟ್ಟನೆ ಅಡುಗೆಮನೆಗೆ ಹೋದಳು.

ಬಸ್ಸಿನವರೆಗೆ ಬಿಡಲು ಬಂದ ಮೈಲಾರೇಶ್ ದಾರಿಯಲ್ಲಿ ಹೇಳಿದ: “ಮೂರನೇ ಆಲ್ಬಮ್ಮಿಗೆ ಶುರು ಹಚ್ಕೊಂಡಾನ್ರಿ. ಕೆಮ್ಮಿದಾಗೆಲ್ಲ ರೆಕಾರ್ಡ್ ಮಾಡು ಅಂತಾನ. ನನಗ ಹೆದ್ರಿಕಿ ಆಗೈತಿ.”

ರೇಣುಕಾ ‘ಜಲ್ಲಿ’ಯ ಬಗ್ಗೆ ಬರೆಯಲಿಲ್ಲ. ಸಂಪಾದಕ ಸೋಮಶೇಖರ್ ಎರಡು ಸಲ ಕೇಳಿ ಸುಮ್ಮನಾದ. ಅವಳು ಬರೆಯದಿದ್ದರೇನಾಯಿತು, ಮಿಕ್ಕವರೆಲ್ಲ ಬರೆದರು. ‘ರಕ್ತ ಬಸಿಯುವ ದನಿ’ ಎಂದು ಒಬ್ಬರು. ‘ಇದಕ್ಕಿಂತ ಮುಂದೆ ಹೋಗುವ ಎದೆಗಾರಿಕೆ ಇವನಿಗಿದೆಯೇ?’ ಎಂದು ಇನ್ನೊಬ್ಬರು, ಪೂರ್ತಿ ಹತ್ತು ಅಂಕ ಕೊಟ್ಟು. ಆ ಪ್ರಶ್ನೆ ಓದಿದಾಗ ಅವಳು ಕೂತಲ್ಲಿಂದ ಎದ್ದು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಸುಮ್ಮನೆ ನಿಂತಳು.

ಹರಪನಹಳ್ಳಿಯ ಕಾಲೇಜು ಮೈದಾನದಲ್ಲಿ ‘ಕಪ್ಪು ಎರೆ’ಯವರು ಕಾರ್ಯಕ್ರಮ ಇಟ್ಟುಕೊಂಡರು. ಶೃತಿ ಕರೆದಳೆಂದು ರೇಣುಕಾ ಹೋದಳು. ಹೊತ್ತು ಇಳಿಯುತ್ತಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗದೆ ನಿಂತಿದ್ದವು. ತೆಲಿಗಿ, ಬಾಗಳಿಯಿಂದೆಲ್ಲ ಹುಡುಗರು ಬೈಕಿನಲ್ಲಿ ಬಂದು ಸೇರಿದ್ದರು. ಹುಲುಗೇಶ ವೇದಿಕೆಗೆ ಬಂದು, ಯಾರಿಗೂ ನಮಸ್ಕಾರ ಹೇಳದೆ ಶುರು ಮಾಡಿದ.

ಎರಡು ಹಾಡು ಮುಗಿದವು. ಮೂರನೆಯದರಲ್ಲಿ ದನಿ ಮೇಲಕ್ಕೇರಿ, ಅಲ್ಲೇ ಕತ್ತರಿಸಿದ ಹಾಗೆ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ಕತ್ತಿನ ನರ ಉಬ್ಬಿದ್ದವು, ಸದ್ದು ಮಾತ್ರ ಇರಲಿಲ್ಲ. ಗದ್ದದ ಮೇಲೆ ಕೆಂಪಗೆ ಒಂದು ಗೆರೆ ಇಳಿಯಿತು. ಜನ ಶಿಳ್ಳೆ ಹೊಡೆದರು. ಅದೂ ಹಾಡಿನದೇ ಭಾಗ ಎಂದುಕೊಂಡು ಮೊಬೈಲು ಎತ್ತಿ ಹಿಡಿದರು. ಮೈಲಾರೇಶ್ ಕೋಲು ಬಿಸಾಡಿ ಓಡಿಬಂದು ಅವನನ್ನು ಹಿಡಿದುಕೊಂಡ. ಶೃತಿ ಜನರನ್ನು ನೂಕುತ್ತ ಮುಂದೆ ಹೋದಳು. ಅವಳ ಹಿಂದೆ ರೇಣುಕಾ. ಶಿಳ್ಳೆ ಇನ್ನೂ ನಡೆದೇ ಇತ್ತು.

ದಾವಣಗೆರೆಯಲ್ಲಿ ಡಾಕ್ಟರು ದನಿಯ ತಂತು ಹರಿದು ನೆತ್ತರು ಕಟ್ಟಿದೆ, ಎದೆಯಲ್ಲಿ ಧೂಳು ಕೂತಿದೆ ಎಂದರು. ಜೀವಕ್ಕೆ ಭಯವಿಲ್ಲ. ಮಾತು ಪಿಸುಗುಡುವಷ್ಟು ಬರಬಹುದು. ಹಾಡು ಇಲ್ಲ.

ಆ ವಾರ ಎಲ್ಲ ಕಡೆ ಆ ವಿಡಿಯೋದೇ ಮಾತು. ‘ವರ್ಷದ ಅತ್ಯುತ್ತಮ ಕ್ಷಣ’ ಎಂದು ಬರೆದವರೂ ಇದ್ದರು. ರೇಣುಕಾ ಆ ಶುಕ್ರವಾರ ಅಂಕ ಹಾಕದೆ ಒಂದು ಸಣ್ಣ ಬರಹ ಕಳಿಸಿದಳು. ‘ನೀವು ಕೇಳಿದ್ದು ಹಾಡಲ್ಲ, ಗಾಯ. ಅದನ್ನು ಮಾಡಿಕೊಳ್ಳಲು ಅವನನ್ನು ಕೆಣಕಿದ ಮಾತು ನನ್ನದು’ ಎಂದು. ಓದಿದವರು ಕಡಿಮೆ. ‘ಮೇಡಂಗೆ ವಯಸ್ಸಾಯಿತು’ ಎಂದು ಒಬ್ಬ ಬರೆದ.

ಹುಲುಗೇಶ ಮತ್ತೆ ಮೊಬೈಲ್ ಅಂಗಡಿಗೆ ಹೋಗುತ್ತಾನೆ. ಗಿರಾಕಿಗಳಿಗೆ ಏನು ಹೇಳಬೇಕಾದರೂ ಮೊಬೈಲಿನಲ್ಲಿ ಬೆರಳಾಡಿಸಿ ತೋರಿಸುತ್ತಾನೆ. ಶೃತಿ ಆಗಾಗ ಫೋನು ಮಾಡುತ್ತಾಳೆ. ಗಂಡನ ಊಟ, ನಿದ್ದೆಯ ಸುದ್ದಿ ಹೇಳುತ್ತಾಳೆ, ಹಾಡಿನ ಸುದ್ದಿ ಎತ್ತುವುದಿಲ್ಲ.

ಮಳೆಗಾಲ ಕಳೆದ ಮೇಲೆ ರೇಣುಕಾಗೆ ಹೊಸ ಆಲ್ಬಮ್‌ಗಳು ಬರತೊಡಗಿದವು. ಬಳ್ಳಾರಿಯದೊಂದು, ಹೊಸಪೇಟೆಯದೊಂದು, ಹಿರಿಯೂರಿನ ಕಡೆಯದೊಂದು. ತಂಡ ಬೇರೆ, ಮಾತು ಬೇರೆ, ಆದರೆ ಎಲ್ಲರ ದನಿಯೂ ಒಂದೇ ಬಗೆಯಲ್ಲಿ ಹರಿದಿತ್ತು. ಯಾರು ನಟಿಸುತ್ತಿದ್ದಾರೆ, ಯಾರು ನಿಜಕ್ಕೂ ಹರಿದುಕೊಂಡಿದ್ದಾರೆ ಎನ್ನುವುದು ಅವಳ ಕಿವಿಗೂ ತಿಳಿಯದಾಯಿತು. ಬರೆಯುವುದಕ್ಕೆ ಮುಂಚೆ ಒಬ್ಬೊಬ್ಬರಿಗೂ ಫೋನು ಮಾಡಿ ವಿಚಾರಿಸುವುದನ್ನು ಅವಳು ರೂಢಿಸಿಕೊಂಡಳು.

ಮೊನ್ನೆ ಕೊಟ್ಟೂರಿನ ಒಬ್ಬ ಹಾಡುಗಾರನಿಗೆ ಮಾಡಿದಳು. ಬಹಳ ಹೊತ್ತು ಕೆಮ್ಮಿನ ಸದ್ದೇ ಕೇಳಿತು.

“ಹಾಡು ಹೆಂಗ್ ಬಂದೈತ್ರಿ ಮೇಡಂ?” ಎಂದಿತು ಒಡೆದ ದನಿ.

“ಎಲ್ಲಿ ರೆಕಾರ್ಡ್ ಮಾಡಿದ್ರಿ?” ಎಂದು ಕೇಳಿದಳು ರೇಣುಕಾ.

“ಊರ ಹೊರಗ ಒಂದು ಕಲ್ಲಿನ ಕ್ವಾರಿ ಐತ್ರಿ,” ಎಂದ ಅವನು, ಸಂತೋಷದಿಂದ.